ಸ್ಟ್ಯಾನ್‌ಫರ್ಡ್ ಟೆನಿಸ್: ಆರನೇ ಅಂಕಣದ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪುರುಷರ ಟೆನಿಸ್ ತಂಡ, ಅಲ್ಲಿನ ಕಾಲೇಜು ಟೆನಿಸ್‌ನ ರೀತಿನೀತಿ ಕುರಿತು ಬಂದ ಪತ್ರಗಳನ್ನು ಈ ಸಂಚಿಕೆಯ ಪ್ರಶ್ನೋತ್ತರಕ್ಕೆ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸ್ಟ್ಯಾನ್‌ಫರ್ಡ್ ತಂಡಕ್ಕೆ ಹೆಸರು ಬಂದದ್ದು ಜಾನ್ ಮೆಕೆನ್ರೊ ಅಲ್ಲಿ ಓದಿದ್ದರಿಂದ ಎಂದು ಕೇಳಿದ್ದೇನೆ. ಅವರು ಎಷ್ಟು ವರ್ಷ ಆಡಿದರು? ತಂಡದ ಚರಿತ್ರೆ ಅವರಿಂದಲೇ ಶುರುವಾಗುತ್ತದೆಯೇ?
(ದೈಹಿಕ ಶಿಕ್ಷಣ ಶಿಕ್ಷಕರು, ಮೈಸೂರು)

ಮೆಕೆನ್ರೊ ಆಡಿದ್ದು ಒಂದೇ ಒಂದು ವರ್ಷ. 1977ರ ವಿಂಬಲ್ಡನ್‌ನಲ್ಲಿ 18ರ ಹುಡುಗ ಅರ್ಹತಾ ಸುತ್ತಿನಿಂದ ಬಂದು ಸೆಮಿಫೈನಲ್ ತಲುಪಿದ್ದರು. ಆಮೇಲೆ ಸ್ಟ್ಯಾನ್‌ಫರ್ಡ್ ಸೇರಿ, 1978ರಲ್ಲಿ ತಂಡದ ಪ್ರಶಸ್ತಿ ಮತ್ತು ಎನ್‌ಸಿಎಎ ಸಿಂಗಲ್ಸ್ ಪ್ರಶಸ್ತಿ ಎರಡನ್ನೂ ಗೆದ್ದು ವೃತ್ತಿಪರ ಟೆನಿಸ್‌ಗೆ ಹೋದರು. ಎನ್‌ಸಿಎಎ ಎಂದರೆ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಮುಖ್ಯ ರಾಷ್ಟ್ರೀಯ ಸಂಸ್ಥೆ. ಜಾರ್ಜಿಯಾದ ಏಥೆನ್ಸ್ ಊರಿನಲ್ಲಿ ನಡೆದ ಆ ಸಿಂಗಲ್ಸ್ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಜಾನ್ ಸಾಡ್ರಿ ಎದುರು ಅವರು ಗೆದ್ದದ್ದು 7–6, 7–6, 5–7, 7–6ರಿಂದ. ಗೆದ್ದ ಮೂರು ಸೆಟ್‌ಗಳೂ ಟೈಬ್ರೇಕರ್‌ನಲ್ಲೇ, ಅಂದರೆ ಗೇಮ್‌ಗಳು 6–6 ಸಮವಾದಾಗ ಆಡುವ ನಿರ್ಣಾಯಕ ಗೇಮ್‌ನಲ್ಲೇ, ತೀರ್ಮಾನವಾದವು.

ಆದರೆ ಅವರು ಬರುವ ಹೊತ್ತಿಗೆ ಸ್ಟ್ಯಾನ್‌ಫರ್ಡ್ 1973, 1974 ಮತ್ತು 1977ರಲ್ಲಿ ಮೂರು ಸಲ ರಾಷ್ಟ್ರೀಯ ಚಾಂಪಿಯನ್ ಆಗಿಬಿಟ್ಟಿತ್ತು. 1977ರ ಸಿಂಗಲ್ಸ್ ಚಾಂಪಿಯನ್ ಮ್ಯಾಟ್ ಮಿಚೆಲ್ ಅದೇ ತಂಡದ ಆಟಗಾರ. ಕಟ್ಟಿದ ಮನೆಗೆ ಬಂದವರು ಮೆಕೆನ್ರೊ. ಮನೆ ಕಟ್ಟಿದವರು ಕೋಚ್ ಡಿಕ್ ಗೌಲ್ಡ್.

ಗೌಲ್ಡ್‌ಗಿಂತ ಮುಂಚೆಯೂ ಸ್ಟ್ಯಾನ್‌ಫರ್ಡ್‌ನಲ್ಲಿ ಒಳ್ಳೆಯ ಆಟಗಾರರಿದ್ದರು. 1921ರಲ್ಲಿ ಫಿಲಿಪ್ ನೀರ್, 1942ರಲ್ಲಿ ಟೆಡ್ ಶ್ರೋಡರ್ ಅಂತರ ಕಾಲೇಜು ಸಿಂಗಲ್ಸ್ ಗೆದ್ದಿದ್ದರು. ಆದರೆ ಅದು ಬಿಡಿಬಿಡಿ ಸಾಧನೆ. ತಂಡದ ಪ್ರಶಸ್ತಿಯ ಮಾತು ಬಂದರೆ ಹೆಚ್ಚಾಗಿ ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಎಂಬ ಎರಡು ವಿಶ್ವವಿದ್ಯಾಲಯಗಳೇ ಮುಂದೆ. ಸ್ಟ್ಯಾನ್‌ಫರ್ಡ್‌ನಲ್ಲೇ ಓದಿ, ಹೈಸ್ಕೂಲು ಮತ್ತು ಫುಟ್‌ಹಿಲ್ ಎಂಬ ಸ್ಥಳೀಯ ಕಾಲೇಜಿನಲ್ಲಿ ಕೋಚ್ ಆಗಿದ್ದ ಗೌಲ್ಡ್ 1966ರಲ್ಲಿ ಈ ತಂಡದ ಹೊಣೆ ಹೊತ್ತರು. ಟೆನೆಸಿಯ ರಾಸ್ಕೊ ಟ್ಯಾನರ್ ಅಷ್ಟು ದೂರದಿಂದ ಸ್ಟ್ಯಾನ್‌ಫರ್ಡ್‌ಗೆ ಬರಲು ಒಪ್ಪಿದ್ದು ಮೊದಲ ತಿರುವು. ಎಡಗೈನ ಟ್ಯಾನರ್ ಸರ್ವ್‌ಗೆ ಆ ಕಾಲದಲ್ಲಿ ಸಾಟಿ ಕಡಿಮೆ. 1971ರ ಸಿಂಗಲ್ಸ್ ಫೈನಲ್‌ನಲ್ಲಿ ಅವರು ಯುಸಿಎಲ್‌ಎಯ ಜಿಮ್ಮಿ ಕಾನರ್ಸ್‌ಗೆ ಸೋತರು, ಮರುವರ್ಷ ಸ್ಯಾಂಡಿ ಮೇಯರ್ ಜೊತೆ ಡಬಲ್ಸ್ ಗೆದ್ದರು. 1973ರಲ್ಲಿ ಮೇಯರ್ ಸಿಂಗಲ್ಸ್, ಡಬಲ್ಸ್ ಎರಡನ್ನೂ ಗೆದ್ದಾಗ ಮೊದಲ ತಂಡ ಪ್ರಶಸ್ತಿಯೂ ಬಂತು. 1974ರಲ್ಲಿ ಜಾನ್ ವಿಟ್ಲಿಂಜರ್ ಅದನ್ನೇ ಮಾಡಿ ತೋರಿಸಿದರು. ಎರಡೂ ವರ್ಷ ಡಬಲ್ಸ್ ಜೊತೆಗಾರ ಒಬ್ಬರೇ, ಜಿಮ್ ಡಿಲೇನಿ. ಚರಿತ್ರೆ ಹೇಳುವವರು ಡಿಲೇನಿ ಹೆಸರನ್ನು ಹಾರಿಸಿಬಿಡುತ್ತಾರೆ. ಈ ತಂಡವನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಅಂಥ ಹೆಸರುಗಳನ್ನೇ ಹುಡುಕಬೇಕು.

1976ರವರೆಗೆ ತಂಡದ ಪ್ರಶಸ್ತಿಗೆ ಪ್ರತ್ಯೇಕ ಪಂದ್ಯಗಳೇ ಇರಲಿಲ್ಲ. ಸಿಂಗಲ್ಸ್, ಡಬಲ್ಸ್ ಟೂರ್ನಿಯಲ್ಲಿ ಆಟಗಾರರು ಗೆದ್ದ ಸುತ್ತುಗಳಿಗೆ ಅಂಕ ಕೊಟ್ಟು, ಕೂಡಿ, ಯಾರದ್ದು ಹೆಚ್ಚೋ ಆ ವಿಶ್ವವಿದ್ಯಾಲಯ ಚಾಂಪಿಯನ್. ಇಬ್ಬರು ಮೂವರು ಘಟಾನುಘಟಿಗಳಿದ್ದರೆ ಸಾಕಿತ್ತು. 1977ರಲ್ಲಿ ತಂಡಕ್ಕೆ ತಂಡ ಎದುರಾಗುವ ನಾಕೌಟ್ ಪದ್ಧತಿ ಬಂತು. ಮೊದಲ ವರ್ಷವೇ ಅದನ್ನು ಗೆದ್ದದ್ದು ಸ್ಟ್ಯಾನ್‌ಫರ್ಡ್. ಅಲ್ಲಿಂದಾಚೆಗೆ ಸಿಂಗಲ್ಸ್ ಆಡುವ ಆರು ಮಂದಿಯಲ್ಲಿ ನಾಲ್ಕನೇ, ಐದನೇ, ಆರನೇ ಆಟಗಾರನ ಗೆಲುವಿಗೂ ಮೊದಲನೆಯವನ ಗೆಲುವಿಗೂ ಒಂದೇ ಬೆಲೆ. ಗೌಲ್ಡ್ ಹಿಡಿದದ್ದು ಈ ಲೆಕ್ಕವನ್ನು.

ಫಲ ನೋಡಿ: 1973, 74, 77, 78, 80, 81, 83, 86, 88, 89, 90, 92, 95, 96, 97, 98 ಮತ್ತು 2000. ಒಟ್ಟು 17 ಪ್ರಶಸ್ತಿ, ಎಲ್ಲವೂ ಒಬ್ಬರೇ ಕೋಚ್ ಕೈಕೆಳಗೆ. ಈ 28 ವರ್ಷಗಳಲ್ಲಿ ಒಮ್ಮೆಯೂ ಸತತ ಮೂರು ವರ್ಷ ಪ್ರಶಸ್ತಿಯಿಲ್ಲದೆ ಕಳೆದಿಲ್ಲ. ಅಂದರೆ ಆ ಅವಧಿಯಲ್ಲಿ ಬಂದು ನಾಲ್ಕು ವರ್ಷ ಪೂರ್ತಿ ಆಡಿದ ಯಾವ ಹುಡುಗನೂ ಬರಿಗೈಯಲ್ಲಿ ಪದವಿ ಮುಗಿಸಲಿಲ್ಲ. ಮೆಕೆನ್ರೊ ಅವರಂಥ ದೊಡ್ಡ ಹೆಸರಿಗಿಂತ ಈ ಮಾತು ನಮಗೆ ದೊಡ್ಡದಾಗಿ ಕಾಣುತ್ತದೆ. ಗೌಲ್ಡ್ 2004ರಲ್ಲಿ ನಿವೃತ್ತರಾದಾಗ ಅವರ ಲೆಕ್ಕ 776 ಗೆಲುವು, 148 ಸೋಲು.

ಪ್ರಶ್ನೆ: ತಂಡದ ಪಂದ್ಯದ ಫಲಿತಾಂಶ 4–0, 4–2 ಎಂದು ಬರುತ್ತದೆ. ಆಡುವುದು ಆರು ಮಂದಿ, ಡಬಲ್ಸ್ ಬೇರೆ ಇದೆ. ಉಳಿದ ಪಂದ್ಯಗಳು ಏನಾದವು? ನಮ್ಮ ಕಾಲೇಜಿನಲ್ಲಿ ಇದೇ ಮಾದರಿಯಲ್ಲಿ ಪಂದ್ಯಾವಳಿ ನಡೆಸಬಹುದೇ?
(ಕಾಲೇಜು ವಿದ್ಯಾರ್ಥಿಗಳು, ಧಾರವಾಡ)

ಧಾರಾಳವಾಗಿ ನಡೆಸಬಹುದು. ಕ್ರಮ ಹೀಗೆ.

ಮೊದಲು ಡಬಲ್ಸ್. ಮೂರು ಜೋಡಿ, ಮೂರು ಅಂಕಣ (ಕೋರ್ಟ್), ಒಟ್ಟಿಗೇ ಶುರು. ಪ್ರತಿ ಪಂದ್ಯ 6 ಗೇಮ್‌ಗಳ ಒಂದೇ ಸೆಟ್. 6–6 ಆದರೆ ಟೈಬ್ರೇಕರ್. ಮೂರರಲ್ಲಿ ಎರಡು ಗೆದ್ದ ತಂಡಕ್ಕೆ 1 ಅಂಕ. ಎರಡು ಪಂದ್ಯದ ತೀರ್ಮಾನ ಆದ ಕೂಡಲೇ ಮೂರನೆಯದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಸ್ವಲ್ಪ ವಿರಾಮದ ನಂತರ ಆರು ಸಿಂಗಲ್ಸ್. ಮೂರು ಸೆಟ್‌ಗಳಲ್ಲಿ ಎರಡು ಗೆಲ್ಲಬೇಕು, ಪ್ರತಿ ಪಂದ್ಯಕ್ಕೆ 1 ಅಂಕ. ಒಟ್ಟು 7 ಅಂಕ. ಮೊದಲು 4 ಮುಟ್ಟಿದವರು ಗೆದ್ದಂತೆ. ಚಾಂಪಿಯನ್‌ಷಿಪ್‌ನಲ್ಲಿ ಆ ಕ್ಷಣಕ್ಕೇ ಉಳಿದ ಅಂಕಣಗಳ ಆಟ ನಿಂತುಹೋಗುತ್ತದೆ. ನೀವು ಕೇಳಿದ 4–0ರ ಗುಟ್ಟು ಇದೇ: ಡಬಲ್ಸ್‌ನ ಒಂದು, ಸಿಂಗಲ್ಸ್‌ನ ಮೂರು, ಉಳಿದ ಮೂರು ಸಿಂಗಲ್ಸ್ ಅರ್ಧದಲ್ಲಿ ನಿಂತಿವೆ.

ಡಬಲ್ಸ್‌ಗೆ ಒಂದೇ ಅಂಕ ತಾನೇ ಎಂದು ಹಗುರವಾಗಿ ನೋಡುವುದು ಹೊಸ ತಂಡಗಳು ಮಾಡುವ ಮೊದಲ ತಪ್ಪು. ಡಬಲ್ಸ್ ಗೆದ್ದರೆ ಆರು ಸಿಂಗಲ್ಸ್‌ನಲ್ಲಿ ಮೂರು ಸಾಕು. ಸೋತರೆ ಆರರಲ್ಲಿ ನಾಲ್ಕು ಬೇಕು. ಸಮಬಲದ ತಂಡದ ಎದುರು ಮೂರು ಗೆಲ್ಲುವುದಕ್ಕೂ ನಾಲ್ಕು ಗೆಲ್ಲುವುದಕ್ಕೂ ಅಜಗಜಾಂತರ. 1990ರ ದಶಕದ ಆರಂಭದವರೆಗೆ ಒಟ್ಟು 9 ಅಂಕ ಇರುತ್ತಿದ್ದವು, ಮೂರು ಡಬಲ್ಸ್‌ಗೂ ಒಂದೊಂದು ಅಂಕ. ಆಗ ಡಬಲ್ಸ್‌ನ ತೂಕ ಇನ್ನೂ ಹೆಚ್ಚು. ಸರ್ವ್ ಹಿಂದೆಯೇ ನೆಟ್‌ಗೆ ನುಗ್ಗುವ ಆಟವನ್ನು ಕಲಿಸುತ್ತಿದ್ದ ಗೌಲ್ಡ್‌ಗೆ ಅದು ಹೇಳಿ ಮಾಡಿಸಿದಂತಿತ್ತು.

ಡ್ಯೂಸ್ ಕೂಡ ಬೇರೆ ಥರ. 40–40 ಆದಾಗ ಅಡ್ವಾಂಟೇಜ್, ಅಂದರೆ ಸತತ ಎರಡು ಪಾಯಿಂಟ್ ಗೆಲ್ಲಬೇಕೆಂಬ ನಿಯಮ, ಇಲ್ಲ; ಒಂದೇ ಪಾಯಿಂಟ್‌ನಲ್ಲಿ ಗೇಮ್ ಇತ್ಯರ್ಥ. ಸರ್ವ್ ಬಲಗಡೆಗೋ ಎಡಗಡೆಗೋ ಎಂದು ಆರಿಸುವ ಹಕ್ಕು ಸರ್ವ್ ಎದುರಿಸುವವರದು. ಡಬಲ್ಸ್‌ನಲ್ಲಿ ಜೋಡಿ ತಮ್ಮ ಜಾಗ ಅದಲುಬದಲು ಮಾಡುವಂತಿಲ್ಲ. ಆಯಾ ಬದಿಯಲ್ಲಿ ಆಡುತ್ತಾ ಬಂದವರೇ ಎದುರಿಸಬೇಕು. ಹಾಗಾಗಿ ರಿಟರ್ನ್ ಚೆನ್ನಾಗಿರುವವನು ಯಾವ ಬದಿ ನಿಲ್ಲಬೇಕೆಂದು ಸೆಟ್ ಶುರುವಿನಲ್ಲೇ ಯೋಚಿಸಿರಬೇಕು. 40–40ರಲ್ಲಿ ನಿಂತು ಪಿಸುಗುಟ್ಟುವ ಜೋಡಿ ಬಹುಪಾಲು ಆ ಪಾಯಿಂಟ್ ಕಳೆದುಕೊಳ್ಳುತ್ತದೆ.

ನಿಮ್ಮಲ್ಲಿ ಜಗಳ ಹುಟ್ಟುವುದು ಆಟಗಾರರ ಕ್ರಮಾಂಕದಲ್ಲಿ. ಒಂದರಿಂದ ಆರರವರೆಗೆ ನಿಜವಾದ ಬಲದ ಪ್ರಕಾರವೇ ನಿಲ್ಲಿಸಬೇಕು. ದುರ್ಬಲನನ್ನು ಮೊದಲ ಅಂಕಣದಲ್ಲಿ ಬಲಿ ಕೊಟ್ಟು, ಒಳ್ಳೆಯವರನ್ನೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿಸಿ ಗೆಲ್ಲುವ ಉಪಾಯ ಅಲ್ಲಿ ನಿಷಿದ್ಧ. ಮೂರನೆಯವನಿಗೆ ಪೆಟ್ಟಾದರೆ ನಾಲ್ಕು, ಐದು, ಆರನೆಯವರು ಮೇಲಕ್ಕೆ ಸರಿಯಬೇಕು, ಹೊಸಬ ಆರನೇ ಜಾಗಕ್ಕೆ ಬರಬೇಕು. ಇದನ್ನು ಟೂರ್ನಿಗೆ ಮುಂಚೆಯೇ ಬರೆದು ಎರಡೂ ಕಡೆಯ ಸಹಿ ಹಾಕಿಸಿ. ಆರು ಅಂಕಣ ಇಲ್ಲದಿದ್ದರೆ ಮೂರರಲ್ಲಿ ಮುಗಿಸಬಹುದು: ಸಿಂಗಲ್ಸ್‌ನಲ್ಲಿ ಮೊದಲು 1, 2, 3, ಯಾವ ಅಂಕಣ ಖಾಲಿಯಾಗುತ್ತದೋ ಅಲ್ಲಿಗೆ 4, 5, 6 ಕ್ರಮವಾಗಿ. ಸಮಯ ಹೆಚ್ಚು ಬೇಕು, ಅಷ್ಟೆ.

ಪ್ರಶ್ನೆ: ವಿಡಿಯೊ ಒಂದರಲ್ಲಿ ಸರ್ವ್ ಮಾಡಿದ ಚೆಂಡು ನೆಟ್‌ಗೆ ತಾಗಿ ಒಳಗೆ ಬಿತ್ತು. ಯಾರೂ ‘ಲೆಟ್’ ಎಂದು ಮತ್ತೆ ಸರ್ವ್ ಮಾಡಿಸದೆ ಆಟ ಮುಂದುವರಿಸಿದರು. ತಪ್ಪಲ್ಲವೇ?
(ಕುಂದಾಪುರ)

ತಪ್ಪಲ್ಲ. ಎನ್‌ಸಿಎಎ ಮೊದಲ ವಿಭಾಗದ (ಅತಿ ಮೇಲಿನ ಹಂತದ) ಪುರುಷರ ಟೆನಿಸ್‌ನಲ್ಲಿ ಸರ್ವ್‌ಗೆ ‘ಲೆಟ್’ ಇಲ್ಲ. ನೆಟ್ ಸವರಿ ಸರ್ವಿಸ್ ಚೌಕದೊಳಗೆ ಬಿದ್ದ ಚೆಂಡು ಜೀವಂತ, ಆಡಲೇಬೇಕು. ಅಲ್ಲಿ ಆಟಗಾರರು ತಮ್ಮ ಕಡೆಯ ಗೆರೆಗಳ ತೀರ್ಪನ್ನು ತಾವೇ ಕೊಡುತ್ತಾರೆ. ಸರ್ವ್ ಕೈಮೀರಿ ಹೋದಾಗ ಎದುರಾಳಿ ‘ನೆಟ್ ತಾಗಿತು’ ಎಂದುಬಿಟ್ಟರೆ ಪರಿಶೀಲಿಸುವವರಿಲ್ಲ. ಆ ತಕರಾರನ್ನು ಬೇರಿನಿಂದಲೇ ಕಿತ್ತ ನಿಯಮ ಇದು. ಇದಕ್ಕೆ ಒಗ್ಗದವರು ನೆಟ್ ತಾಗಿದ ಸದ್ದು ಕೇಳಿದೊಡನೆ ಕಾಲು ನಿಲ್ಲಿಸಿಬಿಡುತ್ತಾರೆ. ಚೆಂಡು ಮುಂದೆ ಮೆತ್ತಗೆ ಬಿದ್ದು ಸಾಯುತ್ತದೆ, ಪಾಯಿಂಟ್ ಹೋಗುತ್ತದೆ.

ಪ್ರಶ್ನೆ: ನಮ್ಮ ರೋಹನ್ ಬೋಪಣ್ಣ ಅವರನ್ನು ಫೈನಲ್‌ನಲ್ಲಿ ಸೋಲಿಸಿದ ಬ್ರಯಾನ್ ಸಹೋದರರು ಈ ತಂಡದವರೇ?
(ಮಡಿಕೇರಿ)

ಹೌದು. 2010ರ ಅಮೆರಿಕ ಓಪನ್ ಡಬಲ್ಸ್ ಫೈನಲ್‌ನಲ್ಲಿ ಕೊಡಗಿನ ಬೋಪಣ್ಣ ಮತ್ತು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೋಡಿ 7–6, 7–6ರಿಂದ ಸೋತದ್ದು ಬಾಬ್ ಮತ್ತು ಮೈಕ್ ಬ್ರಯಾನ್ ಎದುರು. ವಿಶ್ವಸಂಸ್ಥೆಯಲ್ಲಿನ ಭಾರತ, ಪಾಕಿಸ್ತಾನಗಳ ರಾಯಭಾರಿಗಳು ಆ ಪಂದ್ಯವನ್ನು ಒಟ್ಟಿಗೆ ಕೂತು ನೋಡಿದ್ದರು. ಎರಡೂ ಸೆಟ್ ಟೈಬ್ರೇಕರ್‌ವರೆಗೆ ಹೋದವು. ಬೋಪಣ್ಣ ಜೋಡಿ ಕೈಬಿಟ್ಟದ್ದು ಕೆಲವೇ ಪಾಯಿಂಟ್.

ಈ ಅವಳಿಗಳು ಸ್ಟ್ಯಾನ್‌ಫರ್ಡ್‌ನಲ್ಲಿ ಆಡಿದ್ದು 1997 ಮತ್ತು 1998ರಲ್ಲಿ. ಎರಡೂ ವರ್ಷ ತಂಡ ಚಾಂಪಿಯನ್. 1998ರ ತಂಡವಂತೂ 28 ಪಂದ್ಯಗಳಲ್ಲಿ ಅಜೇಯ. ಅದೇ ವರ್ಷ ಅವರಿಬ್ಬರೂ ಡಬಲ್ಸ್ ಗೆದ್ದರು. ಎಡಗೈನ ಬಾಬ್ ಸಿಂಗಲ್ಸ್ ಕೂಡ ಗೆದ್ದು ತಂಡ, ಸಿಂಗಲ್ಸ್, ಡಬಲ್ಸ್ ಮೂರನ್ನೂ ಒಂದೇ ವರ್ಷ ತಮ್ಮದಾಗಿಸಿಕೊಂಡರು. ಇದೇ ತಂಡದ ಅಲೆಕ್ಸ್ ಒಬ್ರಯನ್ 1992ರಲ್ಲಿ ಆ ಸಾಧನೆ ಮಾಡಿದ್ದರು. ಮುಂದೆ ಬ್ರಯಾನ್ ಜೋಡಿ 16 ಗ್ರ್ಯಾನ್ ಸ್ಲಾಮ್, 2012ರ ಒಲಿಂಪಿಕ್ ಚಿನ್ನ ಸೇರಿ 119 ಪ್ರಶಸ್ತಿ ಗೆದ್ದದ್ದು ನಿಮಗೆ ಗೊತ್ತೇ ಇರುತ್ತದೆ.

1998ರ ಆ ಸಿಂಗಲ್ಸ್ ಫೈನಲ್‌ನಲ್ಲಿ ಬಾಬ್‌ಗೆ ಎದುರು ನಿಂತವರು ಅದೇ ತಂಡದ ಪಾಲ್ ಗೋಲ್ಡ್‌ಸ್ಟೀನ್. 1994ರಲ್ಲಿ ಸ್ಟ್ಯಾನ್‌ಫರ್ಡ್ ಫೈನಲ್‌ನಲ್ಲಿ ಯುಎಸ್‌ಸಿಗೆ 4–3ರಿಂದ, ಅಂದರೆ ಒಂದೇ ಅಂಕಣದ ಅಂತರದಲ್ಲಿ ಸೋತಿತ್ತು. ಗೋಲ್ಡ್‌ಸ್ಟೀನ್ ಬಂದದ್ದು ಅದರ ಬೆನ್ನಿಗೇ. ಆಮೇಲಿನ ನಾಲ್ಕು ಫೈನಲ್‌ಗಳ ಫಲಿತಾಂಶ 4–0, 4–1, 4–0, 4–0. ನಾಲ್ಕು ವರ್ಷ ಆಡಿ ನಾಲ್ಕೂ ವರ್ಷ ತಂಡ ಪ್ರಶಸ್ತಿ ಗೆದ್ದ ಅವರು 2014ರಲ್ಲಿ ಇದೇ ತಂಡದ ಕೋಚ್ ಆದರು. ಅವರಿಗಿಂತ ಮುಂಚೆ, ಗೌಲ್ಡ್ ನಂತರದ ಹತ್ತು ವರ್ಷ, ಕೋಚ್ ಆಗಿದ್ದವರು 1974ರ ಚಾಂಪಿಯನ್ ವಿಟ್ಲಿಂಜರ್.

ಪ್ರಶ್ನೆ: ನಿಶೇಷ್ ಬಸವರೆಡ್ಡಿ ಎಂಬ ಹೆಸರು ನೋಡಿ ನಮ್ಮ ಕಡೆಯ ಹುಡುಗನಿರಬೇಕು ಅಂದುಕೊಂಡೆವು. ನಿಜವೇ?
(ಬಳ್ಳಾರಿ)

ಮೂಲ ಪಕ್ಕದ ಆಂಧ್ರದ ನೆಲ್ಲೂರು. ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ಬೆಳೆದದ್ದು ಇಂಡಿಯಾನಾದಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಎರಡು ವರ್ಷ ಆಡಿ 2024ರ ಡಿಸೆಂಬರ್‌ನಲ್ಲಿ ವೃತ್ತಿಪರರಾದರು. ಮರು ತಿಂಗಳೇ ಆಸ್ಟ್ರೇಲಿಯಾ ಓಪನ್ ಮೊದಲ ಸುತ್ತಿನಲ್ಲಿ ಜೊಕೊವಿಚ್ ಎದುರು ಮೊದಲ ಸೆಟ್ ಗೆದ್ದು, ಆಮೇಲೆ ಸೋತರು. 2021ರ ವಿಂಬಲ್ಡನ್ ಬಾಲಕರ ಚಾಂಪಿಯನ್ ಸಮೀರ್ ಬ್ಯಾನರ್ಜಿ ಕೂಡ ಸ್ಟ್ಯಾನ್‌ಫರ್ಡ್‌ನವರೇ, ನಿಶೇಷ್ ಜೊತೆ ಆಡಿದವರು.

ಪ್ರಶ್ನೆ: ಅಷ್ಟು ಬಲಿಷ್ಠ ತಂಡ 2000ದ ನಂತರ ಪ್ರಶಸ್ತಿ ಗೆದ್ದದ್ದು ಕಾಣಲಿಲ್ಲ. ಏನಾಯಿತು?
(ಬೆಂಗಳೂರು)

2025ರವರೆಗಿನ ಪಟ್ಟಿ ನೋಡಿದರೆ ನಿಮ್ಮ ಮಾತು ಸರಿ. 2010ರಲ್ಲಿ ಬ್ರ್ಯಾಡ್ಲಿ ಕ್ಲಾನ್ ಸಿಂಗಲ್ಸ್ ಗೆದ್ದರು, ತಂಡ ಪ್ರಶಸ್ತಿ ಮಾತ್ರ ಬರಲಿಲ್ಲ. ಒಟ್ಟು ಲೆಕ್ಕದಲ್ಲಿ ಯುಎಸ್‌ಸಿ 21, ಸ್ಟ್ಯಾನ್‌ಫರ್ಡ್ 17, ಯುಸಿಎಲ್‌ಎ 16. ಮೂರೂ ಕ್ಯಾಲಿಫೋರ್ನಿಯಾದವು. ಈ ಶತಮಾನದಲ್ಲಿ ಆ ಹಿಡಿತ ಸಡಿಲವಾಯಿತು. ಇಲಿನಾಯ್ 2003ರಲ್ಲಿ, ಬೇಲರ್ 2004ರಲ್ಲಿ ಗೆದ್ದವು. ವರ್ಜೀನಿಯಾ 2013ರಿಂದ 2023ರೊಳಗೆ ಆರು ಸಲ ಗೆದ್ದಿತು. ಭಾರತದ ಸೋಮದೇವ್ ದೇವವರ್ಮನ್ 2007, 2008ರಲ್ಲಿ ಸಿಂಗಲ್ಸ್ ಚಾಂಪಿಯನ್ ಆದದ್ದು ಈ ವರ್ಜೀನಿಯಾ ತಂಡದಿಂದಲೇ. 2025ರಲ್ಲಿ ಗೆದ್ದ ವೇಕ್ ಫಾರೆಸ್ಟ್ ತಂಡದಲ್ಲಿ ತಮಿಳುನಾಡಿನ ದಕ್ಷಿಣೇಶ್ವರ್ ಸುರೇಶ್ ಇದ್ದರು.

ಕಾರಣ ಈ ಹೆಸರುಗಳಲ್ಲೇ ಇದೆ. ಮೊದಲು ಅಮೆರಿಕದ ಅತ್ಯುತ್ತಮ ಹುಡುಗರನ್ನು ಹಿಡಿದರೆ ಸಾಕಿತ್ತು, ಅವರಿಗೆ ಕ್ಯಾಲಿಫೋರ್ನಿಯಾದ ಬಿಸಿಲು ಬೇಕಿತ್ತು. ಈಗ ಪೈಪೋಟಿ ಇಡೀ ಜಗತ್ತಿನ ಆಟಗಾರರಿಗಾಗಿ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ, ಪಳಗಿದ ವಿದೇಶಿ ಆಟಗಾರರು ಐದನೇ ಆರನೇ ಅಂಕಣದಲ್ಲಿ ನಿಲ್ಲುತ್ತಾರೆ. ಸ್ಟ್ಯಾನ್‌ಫರ್ಡ್‌ಗೆ ಪ್ರವೇಶ ಸಿಗಬೇಕಾದರೆ ಓದಿನಲ್ಲೂ ಮುಂಚೂಣಿಯಲ್ಲಿರಬೇಕು, ಆರಿಸಿಕೊಳ್ಳುವ ಗುಂಪೇ ಚಿಕ್ಕದು. ತಂಡಕ್ಕೊಂದಕ್ಕೆ ಬರೇ 4.5 ಪೂರ್ಣ ವಿದ್ಯಾರ್ಥಿವೇತನ ಎಂಬ ಮಿತಿ ಬಹಳ ಕಾಲ ಇತ್ತು. ಅದನ್ನೇ ಹಂಚಿ ಹಂಚಿ ಕೊಡಬೇಕು, ಉಳಿದ ಶುಲ್ಕ ದುಬಾರಿ ಖಾಸಗಿ ವಿಶ್ವವಿದ್ಯಾಲಯದಲ್ಲಿ ಆಟಗಾರನ ಮನೆಯವರ ತಲೆಗೆ. ಇನ್ನು ನಿಶೇಷ್ ಥರದವರು ಎರಡು ವರ್ಷಕ್ಕೇ ಹೊರಟರೆ ಕೆಳಗಿನ ಎಲ್ಲರೂ ಒಂದೊಂದು ಮೆಟ್ಟಿಲು ಮೇಲೆ ಹತ್ತಬೇಕು. ಮೊದಲನೆಯವನು ಹೋದದ್ದರ ಪೆಟ್ಟು ಕಾಣುವುದು ಆರನೇ ಅಂಕಣದಲ್ಲಿ.

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಹೋಗಿ ಪಂದ್ಯ ನೋಡುವ ಆಸೆ. ಯಾವಾಗ, ಎಲ್ಲಿ ಕೂತರೆ ಚೆನ್ನ?
(ಸ್ಯಾನ್ ಹೋಸೆಯಲ್ಲಿರುವ ಕನ್ನಡಿಗರು)

ತಂಡದ ಪಂದ್ಯಗಳ ಕಾಲ ಜನವರಿಯಿಂದ ಮೇ. ವಿಶ್ವವಿದ್ಯಾಲಯದ ಆವರಣದಲ್ಲೇ ಇರುವ ಟಾಬ್ ಕ್ರೀಡಾಂಗಣದಲ್ಲಿ ನಡೆಯುತ್ತವೆ. 2024ರಿಂದ ಸ್ಟ್ಯಾನ್‌ಫರ್ಡ್ ಪೂರ್ವ ಕರಾವಳಿಯ ತಂಡಗಳಿರುವ ಎಸಿಸಿ ಗುಂಪಿಗೆ ಸೇರಿರುವುದರಿಂದ ವರ್ಜೀನಿಯಾ, ವೇಕ್ ಫಾರೆಸ್ಟ್‌ನಂಥವರ ಜೊತೆ ಆಡುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯ ಮಾತ್ರ ತಪ್ಪಿಸಬೇಡಿ, ಹಳೆಯ ಹಗೆತನದ ಬಿಸಿ ಅಲ್ಲಿದೆ.

ಡಬಲ್ಸ್ ತಪ್ಪಿಸಿಕೊಳ್ಳದಂತೆ ಸಮಯಕ್ಕೆ ಸರಿಯಾಗಿ ಹೋಗಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ. ಮಕ್ಕಳಿಗೆ ಒಂದೇ ಅಂಕಣ ನೋಡಿಸಬೇಡಿ, ಆರೂ ಅಂಕಣದ ಸ್ಕೋರ್ ಕಾಣುವ ಕಡೆ ಕೂಡಿಸಿ. ಪಾಯಿಂಟ್‌ಗಳ ನಡುವೆ ಕೋಚ್ ಬಂದು ಮಾತಾಡಬಹುದು. ಯಾವ ಅಂಕಣದ ಬಳಿ ಕೋಚ್ ಹೆಚ್ಚು ಹೊತ್ತು ನಿಂತಿರುತ್ತಾರೋ ಪಂದ್ಯ ಅಲ್ಲಿ ತೂಗಾಡುತ್ತಿದೆ ಎಂದು ಲೆಕ್ಕ. ಅಂಕ 3–3 ಆದಾಗ ಆಡಿ ಮುಗಿಸಿದವರೆಲ್ಲ ಬೆವರು ಒರೆಸಿಕೊಳ್ಳುತ್ತಾ ಕೊನೆಯ ಅಂಕಣದ ಪಕ್ಕ ಸಾಲಾಗಿ ನಿಲ್ಲುತ್ತಾರೆ. ಅಲ್ಲಿ ಆಡುತ್ತಿರುವವನ ಹೆಸರನ್ನು ನೀವು ಆವರೆಗೆ ಕೇಳಿರುವುದೇ ಇಲ್ಲ.

ಪ್ರಶ್ನೆ: ಮಗ ಒಂಬತ್ತನೇ ತರಗತಿ, ರಾಜ್ಯ ಮಟ್ಟದಲ್ಲಿ ಆಡುತ್ತಾನೆ. ಅಮೆರಿಕದ ಇಂಥ ತಂಡ ಸೇರಲು ಈಗಿನಿಂದ ಏನು ಮಾಡಬೇಕು?
(ಪೋಷಕರು, ಹುಬ್ಬಳ್ಳಿ)

ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಎನ್‌ಸಿಎಎ ಲೆಕ್ಕ ಹಿಡಿಯುವುದು 9ನೇ ತರಗತಿಯಿಂದ. 9ರಿಂದ 12ರವರೆಗಿನ ನಾಲ್ಕು ವರ್ಷಗಳಲ್ಲಿ 16 ಮೂಲ ವಿಷಯಗಳು ಬೇಕು: ಇಂಗ್ಲಿಷ್ 4 ವರ್ಷ, ಗಣಿತ 3, ವಿಜ್ಞಾನ 2, ಸಮಾಜ ವಿಜ್ಞಾನ 2, ಇಂಗ್ಲಿಷ್, ಗಣಿತ ಅಥವಾ ವಿಜ್ಞಾನದಲ್ಲಿ ಇನ್ನೂ ಒಂದು ಹೆಚ್ಚುವರಿ, ಉಳಿದ 4 ಇವೇ ಗುಂಪುಗಳಿಂದ ಅಥವಾ ಭಾಷೆಯಂಥ ವಿಷಯಗಳಿಂದ. ಸರಾಸರಿ ಅವರ 4ರ ಮಾಪನದಲ್ಲಿ ಕನಿಷ್ಠ 2.3.

ಪಿಯುಸಿ ವಿಜ್ಞಾನ ತೆಗೆದುಕೊಂಡವರಿಗೆ ಇದು ಸಲೀಸು. ಸಮಾಜ ವಿಜ್ಞಾನದ ಎರಡು ವರ್ಷ 9 ಮತ್ತು 10ರಲ್ಲೇ ಮುಗಿದಿರುತ್ತದೆ. ಅಭ್ಯಾಸಕ್ಕೆ ಸಮಯ ಸಿಗಲಿ ಎಂದು ಗಣಿತವಿಲ್ಲದ ಕಾಮರ್ಸ್‌ಗೆ ಸೇರಿಸುವವರು ಸಿಕ್ಕಿಬೀಳುತ್ತಾರೆ. ಗಣಿತ ಎರಡೇ ವರ್ಷ ಆಗುತ್ತದೆ, ಅಕೌಂಟೆನ್ಸಿಯನ್ನು ಮೂಲ ವಿಷಯವಾಗಿ ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಕಾಮರ್ಸ್ ಬೇಕೇ ಬೇಕೆಂದರೆ ಗಣಿತವಿರುವ ಕಾಂಬಿನೇಷನ್ ಆರಿಸಿ. ಅರ್ಥಶಾಸ್ತ್ರ ಲೆಕ್ಕಕ್ಕೆ ಬರುತ್ತದೆ. 9ನೇ ತರಗತಿ ಮತ್ತು ಪ್ರಥಮ ಪಿಯುಸಿಯ ಮಾರ್ಕ್ಸ್ ಕಾರ್ಡ್‌ಗಳನ್ನು ಎಸೆಸೆಲ್ಸಿಯದರಷ್ಟೇ ಜೋಪಾನ ಮಾಡಿ. ಬೋರ್ಡ್ ಪರೀಕ್ಷೆ ಅಲ್ಲವೆಂದು ಮನೆಗಳಲ್ಲಿ ಕಳೆದುಹೋಗುವುದು ಅವೇ, ಆಮೇಲೆ ಶಾಲೆಯಿಂದ ನಕಲು ತೆಗೆಸಲು ತಿಂಗಳುಗಟ್ಟಲೆ ಅಲೆದಾಟ.

ಎನ್‌ಸಿಎಎ ಈಗ ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆ ಕೇಳುವುದಿಲ್ಲ. ಆದರೆ ಸ್ಟ್ಯಾನ್‌ಫರ್ಡ್ 2026ರ ಪ್ರವೇಶದಿಂದ ಎಸ್‌ಎಟಿ ಅಥವಾ ಅಂಥದ್ದೇ ಎಸಿಟಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದೆ. ಎರಡನ್ನೂ ಒಂದೇ ಎಂದುಕೊಂಡು ಮೋಸ ಹೋಗಬೇಡಿ.

ಆಟದ ಕಡೆ, ರಾಜ್ಯದ ಶ್ರೇಯಾಂಕ ಅಲ್ಲಿನ ಕೋಚ್‌ಗೆ ಏನೂ ಹೇಳುವುದಿಲ್ಲ. ಅವರು ನೋಡುವುದು ಯುಟಿಆರ್ ಎಂಬ ಜಾಗತಿಕ ರೇಟಿಂಗ್ ಮತ್ತು ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಜೂನಿಯರ್ ಫಲಿತಾಂಶ. ಅಗ್ರ ತಂಡಗಳಿಗೆ ಹುಡುಗರ ಯುಟಿಆರ್ ಸಾಮಾನ್ಯವಾಗಿ 13ರ ಆಸುಪಾಸು ಅಥವಾ ಮೇಲಿರಬೇಕು. ಅಷ್ಟಿಲ್ಲದಿದ್ದರೆ ಎರಡನೇ, ಮೂರನೇ ವಿಭಾಗದ ಕಾಲೇಜುಗಳಿಗೂ ಬರೆಯಿರಿ. 10ನೇ ತರಗತಿ ಮುಗಿದ ವರ್ಷದ ಜೂನ್ 15ರಿಂದ ಮೊದಲ ವಿಭಾಗದ ಕೋಚ್‌ಗಳು ನೇರವಾಗಿ ಉತ್ತರಿಸಬಹುದು. ಅದಕ್ಕೆ ಮುಂಚೆ ಉತ್ತರ ಬರಲಿಲ್ಲವೆಂದು ನಿರಾಶರಾಗಬೇಡಿ. ಹೊಸ ನಿಯಮಗಳನ್ನು ಒಪ್ಪಿದ ವಿಶ್ವವಿದ್ಯಾಲಯಗಳಲ್ಲಿ 2025–26ರಿಂದ ವಿದ್ಯಾರ್ಥಿವೇತನದ ಮಿತಿ ಹೋಗಿ, ತಂಡಕ್ಕೆ 10 ಆಟಗಾರರ ಮಿತಿ ಬಂದಿದೆ. ಜಾಗ ಎಷ್ಟು ಖಾಲಿಯಾಗುತ್ತದೆ ಎಂದು ಮೊದಲ ಪತ್ರದಲ್ಲೇ ಕೇಳಿ.

ಟೂರ್ನಿಯಲ್ಲಿ ಬಹುಮಾನದ ಹಣ ಬಂದರೆ ಪ್ರಯಾಣ, ವಸತಿ, ಪ್ರವೇಶ ಶುಲ್ಕ, ಕೋಚ್ ಖರ್ಚಿನ ರಸೀದಿಗಳನ್ನು ದಿನಾಂಕದ ಪ್ರಕಾರ ಕಡತ ಮಾಡಿ. ಖರ್ಚಿಗೆ ಮೀರಿದ ಹಣ ಅರ್ಹತೆಗೆ ತೊಡಕಾಗಬಹುದು. ಈ ನಿಯಮಗಳು ಪದೇ ಪದೇ ಬದಲಾಗುವುದರಿಂದ ಚೆಕ್ ಪಡೆಯುವ ಮುಂಚೆ ವಿಶ್ವವಿದ್ಯಾಲಯದ ನಿಯಮಪಾಲನಾ ಕಚೇರಿಗೆ ಬರೆದು ಕೇಳುವುದು ಕ್ಷೇಮ. ಹನ್ನೆರಡನೆಯದು ಮುಗಿಸಿ ‘ಎರಡು ವರ್ಷ ಟೂರ್ನಿ ಆಡಿ ಆಮೇಲೆ ನೋಡೋಣ’ ಎನ್ನುವುದೂ ಅಪಾಯ, ಕಾಲೇಜಿನಲ್ಲಿ ಆಡಬಹುದಾದ ವರ್ಷಗಳು ಕಡಿತವಾಗಬಹುದು.

ವಿಡಿಯೊ 5ರಿಂದ 8 ನಿಮಿಷ ಸಾಕು. ಕ್ಯಾಮೆರಾ ಬೇಸ್‌ಲೈನ್ ಹಿಂದೆ ಎತ್ತರದಲ್ಲಿರಲಿ, ಅಂಕಣದ ನಾಲ್ಕೂ ಮೂಲೆ ಕಾಣಲಿ. ಗೆದ್ದ ಹೊಡೆತಗಳನ್ನೇ ಕತ್ತರಿಸಿ ಜೋಡಿಸಿದ್ದನ್ನು ಕೋಚ್‌ಗಳು ನಂಬುವುದಿಲ್ಲ. ಕತ್ತರಿಸದ ಎರಡು ಮೂರು ಪೂರ್ತಿ ಗೇಮ್ ಇರಲಿ, ಸೋತ ಗೇಮ್ ಆದರೂ ಪರವಾಗಿಲ್ಲ. ಸಂಗೀತ ಬೇಡ. ಎರಡೂ ಬದಿಗೆ ಮೊದಲ ಮತ್ತು ಎರಡನೇ ಸರ್ವ್, ಓಡಿ ಬಂದು ವಾಲಿ ಮಾಡುವುದು ಕಾಣಬೇಕು. ನಮ್ಮಲ್ಲಿಂದ ಹೋಗುವ ವಿಡಿಯೊಗಳಲ್ಲಿ ಬೇಸ್‌ಲೈನ್ ರ‍್ಯಾಲಿಯೇ ತುಂಬಿರುತ್ತದೆ. ಮಗನ ಡಬಲ್ಸ್ ಪಂದ್ಯದ ಒಂದು ಸೆಟ್ ಚಿತ್ರೀಕರಿಸಿ, ಅದರ ಕೊಂಡಿಯನ್ನು ಅದೇ ಪತ್ರದ ಕೆಳಗೆ ಬೇರೆಯಾಗಿ ಹಾಕಿ.